ಟುವ್ವಿಯ ಕಣ್ಣು

ನಮ್ಮ ಊರಿನವರು ತೆಗೆದ ಫೋಟೋಗಳಲ್ಲಿ ಹಕ್ಕಿ ಚಿಕ್ಕದಾಗಿರುತ್ತದೆ, ಸುತ್ತ ಬೇಕಾದಷ್ಟು ಜಾಗ ಸುಮ್ಮನೆ ಬಿದ್ದಿರುತ್ತದೆ. ಪ್ರದರ್ಶನಕ್ಕೆಂದು ಹೊರಗಿನಿಂದ ಬರುವ ತೀರ್ಪುಗಾರರು ಪ್ರತಿ ವರ್ಷ ಇದೇ ತಕರಾರು ತೆಗೆಯುತ್ತಾರೆ. ಚಿತ್ರ ಸಡಿಲವಾಗಿದೆ, ಅಂಚು ಕತ್ತರಿಸಿ ಹಕ್ಕಿಯನ್ನು ಹತ್ತಿರ ತರಬಾರದೇ ಎಂದು ಕೇಳುತ್ತಾರೆ. ನಾವು ಆಗಲಿ ಸಾರ್ ಎಂದು ತಲೆಯಾಡಿಸಿ, ಉಪ್ಪಿಟ್ಟು ಕಾಫಿ ಕೊಟ್ಟು ಬಸ್ಸು ಹತ್ತಿಸಿಬಿಡುತ್ತೇವೆ. ಒಮ್ಮೆ ಅಂಥವರೊಬ್ಬರು ಮಾತು ಕೇಳದೆ, ಛತ್ರದ ಕೋಣೆಯಲ್ಲಿ ಕೂತು, ತಾವೇ ತೆಗೆದ ಸೂರಕ್ಕಿಯ ಚಿತ್ರದ ಅಂಚನ್ನು ಕತ್ತರಿಸಿದರು. ಬಾಲ ಅಂಚಿನ ಜೊತೆ ಹೋಯಿತು. ಮರುದಿನದಿಂದ ಆ ಸೂರಕ್ಕಿ ದಾಸವಾಳದ ಗಿಡದಲ್ಲಿ ತಿರುಗಲು ಬಾರದೆ ಮುಗ್ಗರಿಸುತ್ತಿತ್ತು. ಕೊನೆಗೆ ಪೇಟೆಬೀದಿಯ ಹನೀಫ್ ಸಾಹೇಬರು ಅದರ ಹೊಸ ಫೋಟೋ ತೆಗೆದು, ಒಂದು ಬಾಲ ಬರೆದು ಕೊಟ್ಟರು. ಸ್ವಲ್ಪ ಉದ್ದವೇ ಆಯಿತು. ಸಾಹೇಬರದು ಎಲ್ಲದರಲ್ಲೂ ಧಾರಾಳ ಕೈ.

ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕ ಹಕ್ಕಿಗಳಿಗೆ ಮಾತ್ರ ಹೀಗೆ. ಕಾಗೆಯ ಚಿತ್ರವನ್ನು ನೀವು ಏನು ಬೇಕಾದರೂ ಮಾಡಿ, ಕಾಗೆ ಕ್ಯಾರೇ ಎನ್ನುವುದಿಲ್ಲ. ಆದರೆ ಟುವ್ವಿ, ಬೆಳ್ಗಣ್ಣ, ಸೂರಕ್ಕಿ, ರಾಟವಾಳ, ಇವುಗಳ ಹೊಸ ಫೋಟೋ ತೆಗೆದು ಅದರಲ್ಲಿ ಏನು ತಿದ್ದಿದರೂ ಬೆಳಗಾಗುವಷ್ಟರಲ್ಲಿ, ಕೆಲವು ಸಲ ಅಲ್ಲಿಯೇ ಆ ಕ್ಷಣದಲ್ಲಿಯೇ, ಹಕ್ಕಿಯ ಮೈಮೇಲೆ ಅದು ಆಗಿರುತ್ತದೆ. ಚಿತ್ರದ ಪ್ರತಿ ಮಾಡಿಟ್ಟುಕೊಂಡು ಪ್ರತಿಯನ್ನು ತಿದ್ದಿದರೂ ಅಷ್ಟೆ. ಹಳೆಯ ಫೋಟೋ ತಿದ್ದಿದರೆ ಮಾತ್ರ ಏನೂ ಆಗುವುದಿಲ್ಲ. ಹಕ್ಕಿ ಸತ್ತರೆ ಅದರ ಎಲ್ಲ ಫೋಟೋಗಳೂ, ಹಳೆಯವೂ ಹೊಸವೂ, ಒಟ್ಟಿಗೆ ಖಾಲಿಯಾಗುತ್ತವೆ. ಕೂತಿದ್ದ ಕೊಂಬೆ ಮಾತ್ರ ಉಳಿಯುತ್ತದೆ. ಹಾಗಾಗಿ ನಮ್ಮವರು ಬೆಳಿಗ್ಗೆ ಎದ್ದ ಕೂಡಲೇ ಗೋಡೆಯ ಕಡೆ ನೋಡುತ್ತಾರೆ.

ಇದೇ ಭಯಕ್ಕೆ ಮನುಷ್ಯರ ಫೋಟೋ ನಮ್ಮಲ್ಲಿ ಯಾರೂ ತೆಗೆಯುವುದಿಲ್ಲ. ಮನುಷ್ಯರಿಗೂ ಹಾಗೆ ಆಗುತ್ತದೆಯೇ ಎಂದು ಕೇಳಿದರೆ ಗೊತ್ತಿಲ್ಲ, ತೆಗೆದು ನೋಡುವ ಧೈರ್ಯ ಯಾರಿಗೂ ಬಂದಿಲ್ಲ. ಮದುವೆಗಳಲ್ಲಿ ಓಲಗ ಇರುತ್ತದೆ, ಹೋಳಿಗೆ ಇರುತ್ತದೆ, ಕ್ಯಾಮೆರಾ ಇರುವುದಿಲ್ಲ. ಸರ್ಕಾರಿ ಕೆಲಸಕ್ಕೆ ದೊಡ್ಡವರಿಗೆ ಫೋಟೋ ಬೇಕಾದಾಗ ಪಕ್ಕದ ಊರಿಗೆ ಹೋಗಿ, ಏನೂ ತಿದ್ದಬೇಡಪ್ಪ ಎಂದು ಸ್ಟುಡಿಯೋದವನಿಗೆ ಕೈಮುಗಿದು ತೆಗೆಸಿಕೊಂಡು ಬರುತ್ತಾರೆ. ಗುರುತಿನ ಚೀಟಿಗಳಲ್ಲಿ ನಮ್ಮ ಊರಿನ ಮುಖಗಳನ್ನು ನೋಡಿದರೆ ಎಲ್ಲರೂ ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಕಾಣುತ್ತಾರೆ.

ನನ್ನ ಹೆಸರು ಪಂಚಾಕ್ಷರಿ. ಫೋಟೋ ತೆಗೆಯುವುದು ನಾನು, ತಿದ್ದುವುದು ನನ್ನ ಹೆಂಡತಿ ಸರ್ವಮಂಗಳ. ನನ್ನದು ತಾಳ್ಮೆಯ ಕೆಲಸ, ಅಷ್ಟೇ. ಎಳೆಬಿಸಿಲಿಗೆ ಮುಂಚೆ ಹೋಗಿ, ಗೋಣಿತಾಟು ಹೊದ್ದು, ಲೆನ್ಸನ್ನು ಮೊಣಕಾಲಿಗೆ ಆನಿಸಿಕೊಂಡು, ಉಸಿರು ಬಿಗಿಹಿಡಿದು ಕೂರುವುದು. ಹಕ್ಕಿ ಒಂದು ಕಡೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲುವುದಿಲ್ಲ. ನಿಂತಾಗ ಎಲೆ ಅಡ್ಡ, ಎಲೆ ಸರಿದಾಗ ಬೆಳಕು ಹಿಂದೆ, ಬೆಳಕು ಸರಿಯಾದಾಗ ಹಕ್ಕಿ ಇಲ್ಲ. ಹೇಗೋ ಒಂದು ಮಸುಕು ಚಿತ್ರ ತಂದು ನಾನು ಮಂಗಳೆಯ ಮುಂದೆ ಇಡುತ್ತಿದ್ದೆ. ಮುರಿದ ಕಾಲು, ಉದುರಿದ ರೆಕ್ಕೆ, ಬೆಕ್ಕು ಪರಚಿದ ಎದೆ, ಎಲ್ಲವನ್ನೂ ಅವಳು ಸರಿಮಾಡುತ್ತಿದ್ದಳು. ಮೊದಲು ನೆಗೆಟಿವ್ ಮೇಲೆ ಒಂದೇ ಕೂದಲಿನ ಬ್ರಶ್ಶಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ತಿದ್ದಿದಷ್ಟು ಕಾಲ ಹಕ್ಕಿ ಬಾಳುತ್ತಿತ್ತು. ಊರಿನಲ್ಲಿ ಅವಳಿಗಿಂತ ಚೆನ್ನಾಗಿ ತಿದ್ದುವವರಿರಲಿಲ್ಲ. ಗಂಡನ ಬಾಯಿಂದ ಬಂದ ಮಾತೆಂದು ನಂಬದಿದ್ದರೆ ಹನೀಫ್ ಸಾಹೇಬರನ್ನು ಕೇಳಿ.

ತಿದ್ದುವವರೆಲ್ಲ ಕೊನೆಗೆ ಮಾಡುತ್ತಿದ್ದ ಕೆಲಸ ಒಂದಿತ್ತು. ಹಕ್ಕಿಯ ಕಣ್ಣಿನಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಇಡುವುದು. ನೆರಳಿನಲ್ಲಿ ತೆಗೆದ ಹಕ್ಕಿಯ ಕಣ್ಣು ಕರಿ ಮಣಿಯಂತೆ ಸತ್ತು ಕೂತಿರುತ್ತದೆ. ಒಂದು ಚುಕ್ಕೆ ಇಟ್ಟರೆ ಅದಕ್ಕೆ ಜೀವ ಬರುತ್ತದೆ, ನಿಮ್ಮನ್ನೇ ನೋಡುತ್ತದೆ. ಶಿಲ್ಪಿಗಳು ವಿಗ್ರಹದ ಕಣ್ಣು ತೆರೆಸುವುದನ್ನು ಕೊನೆಗೆ ಇಟ್ಟುಕೊಳ್ಳುವ ಹಾಗೆ ನಮ್ಮವರು ಇದನ್ನು ಇಟ್ಟುಕೊಂಡಿದ್ದರು. ಮಂಗಳೆ ಚುಕ್ಕೆ ಇಡುವಾಗ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಇಟ್ಟಾದ ಮೇಲೆ ಬೆರಳ ನೆಟಿಕೆ ಮುರಿದು, "ಹೂಂ, ಈಗ ಏನಂದ್ರಿ?" ಎನ್ನುತ್ತಿದ್ದಳು.

ನಮಗೆ ಒಬ್ಬಳು ಮಗಳಿದ್ದಳು, ನೀಲಾಂಬಿಕೆ. ನಾವು ನೀಲಿ ಎಂದು ಕರೆಯುತ್ತಿದ್ದೆವು. ಹಿತ್ತಲಿನ ನುಗ್ಗೆ ಮರದ ಪಕ್ಕದಲ್ಲಿ ಅಗಲ ಎಲೆಯ ಒಂದು ಅಂಜೂರದ ಗಿಡವಿತ್ತು. ಎರಡು ಎಲೆಗಳ ಅಂಚು ಸೇರಿಸಿ, ನೂಲಿನಿಂದ ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿ ಅಲ್ಲಿ ಸಂಸಾರ ಹೂಡಿತ್ತು. ನೀಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು, ದೇವರ ಮನೆಯಿಂದ ಕದ್ದ ಬತ್ತಿಯ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ, ಕೈ ಮುಂದೆ ಚಾಚಿ ನಿಲ್ಲುತ್ತಿದ್ದಳು. ಟುವ್ವಿ ಬಂದು ಅವಳ ಬೆರಳಿನಿಂದಲೇ ಕಚ್ಚಿಕೊಂಡು ಹೋಗುತ್ತಿತ್ತು. ನಾನು ಅದರ ಮೊದಲ ಫೋಟೋ ತೆಗೆದದ್ದು ಆ ದಿನಗಳಲ್ಲಿ. ನೀಲಿ ನನ್ನ ಬೆನ್ನ ಹಿಂದೆ ಕಲ್ಲಿನ ಮೇಲೆ ನಿಂತಿದ್ದಳು. ಅಪ್ಪ, ಅಲ್ಲಾಡಬೇಡ, ಅದು ನನ್ನ ನೋಡ್ತಾ ಇದೆ ಎಂದು ಪಿಸುಗುಟ್ಟಿದಳು. ಕ್ಯಾಮೆರಾ ಅವಳ ಕಡೆ ತಿರುಗಿಸುವ ಯೋಚನೆಯೇ ನನಗೆ ಬರಲಿಲ್ಲ. ನಮ್ಮ ಊರಿನಲ್ಲಿ ಯಾವ ಅಪ್ಪನಿಗೂ ಬರುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ನೀಲಿ ಜ್ವರ ಬಂದು ತೀರಿಕೊಂಡಳು. ಏಳು ವರ್ಷದ ಹುಡುಗಿ. ಮನೆಯ ತುಂಬ ಸಾವಿರಾರು ಹಕ್ಕಿಗಳ ಚಿತ್ರ, ರೆಪ್ಪೆಯ ನೆರಿಗೆಗಳನ್ನೂ ಎಣಿಸಬಹುದಾದಷ್ಟು ಸ್ಪಷ್ಟ. ಅವಳದು ಒಂದೂ ಇಲ್ಲ. ಮೊದಮೊದಲು ಮುಖ ನೆನಪಿರುತ್ತದೆ, ಫೋಟೋ ಯಾಕೆ ಎನಿಸುತ್ತಿತ್ತು. ವರ್ಷಗಳು ಕಳೆದ ಹಾಗೆ ಒಂದು ದಿನ ಮಂಗಳೆ ಊಟಕ್ಕೆ ಬಡಿಸುತ್ತ ಇದ್ದವಳು ನಿಂತು, "ಅವಳ ಮೂಗು ನಿಮ್ಮ ಥರ ಇತ್ತೋ ನನ್ನ ಥರ ಇತ್ತೋ?" ಎಂದು ಕೇಳಿದಳು. ನನಗೂ ನೆನಪಾಗಲಿಲ್ಲ.

ಟುವ್ವಿಯನ್ನು ಮಾತ್ರ ಮಂಗಳೆ ಸಾಯಲು ಬಿಡಲಿಲ್ಲ. ಪ್ರತಿ ವರ್ಷ ಗೂಡು ಕಟ್ಟುವ ಕಾಲಕ್ಕೆ ನಾನು ಅದರ ಫೋಟೋ ತೆಗೆಯುವುದು, ಅವಳು ಅದರ ವಯಸ್ಸನ್ನೆಲ್ಲ ಒರೆಸಿ, ನೆತ್ತಿಯ ಕಂದು ಬಣ್ಣ ಹೊಸದು ಮಾಡಿ, ಕೊನೆಗೆ ಕಣ್ಣಿಗೆ ಚುಕ್ಕೆ ಇಡುವುದು. ಆ ಹಕ್ಕಿ ನೀಲಿಯ ಬೆರಳು ಮುಟ್ಟಿದ ಹಕ್ಕಿ. ಅದು ಹಿತ್ತಲಿನಲ್ಲಿ ಟುವ್ವೀ ಟುವ್ವೀ ಎನ್ನುತ್ತಿರುವಷ್ಟು ದಿನ ನಾವಿಬ್ಬರೂ ಹೇಗೋ ಏಳುತ್ತಿದ್ದೆವು, ಮಲಗುತ್ತಿದ್ದೆವು.

ಊರಿನ ಹಕ್ಕಿಗಳು ಗೋಡೆಗೆ ಬಡಿಯಲು ಶುರುವಾದಾಗ ಮೊದಲು ಯಾರೂ ಗಮನ ಕೊಡಲಿಲ್ಲ. ಕಿಟಕಿಯ ಗಾಜಿಗೆ ಬಡಿಯುವುದು ಇದ್ದದ್ದೇ. ಆದರೆ ಮಣ್ಣಿನ ಗೋಡೆಗೆ, ಬೇವಿನ ಮರದ ಕಾಂಡಕ್ಕೆ, ನಿಂತ ಎಮ್ಮೆಗೆ ಬಡಿಯತೊಡಗಿದವು. ಒಂದು ಮಧ್ಯಾಹ್ನ ಹನೀಫ್ ಸಾಹೇಬರು ಕರವಸ್ತ್ರದಲ್ಲಿ ಏನೋ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಬಿಚ್ಚಿದರೆ ಒಂದು ರಾಟವಾಳ. ಉಸಿರಿತ್ತು. ಕಣ್ಣು ಎರಡೂ ಬಿಳಿ, ನೆನೆಯದ ಸಬ್ಬಕ್ಕಿಯ ಕಾಳಿನ ಹಾಗೆ.

"ಇದನ್ನ ನಾನು ತಿದ್ದಿದ್ದೆ ತಂಗಿ," ಎಂದರು ಸಾಹೇಬರು ಮಂಗಳೆಗೆ. "ನನಗಿಂತ ಮುಂಚೆ ಕೋಟೆಬೀದಿಯವರು ತಿದ್ದಿದ್ರು. ಅವರಿಗಿಂತ ಮುಂಚೆ ನೀನು. ಎಲ್ಲರೂ ಒಂದೊಂದು ಚುಕ್ಕೆ ಇಟ್ಟಿದೀವಿ."

ಮಂಗಳೆ ಹಕ್ಕಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಒಂದೊಂದೇ ಅಲ್ವಾ ಸಾಹೇಬ್ರೆ," ಎಂದಳು.

"ನಮಗೆ ಒಂದು. ಅದಕ್ಕೆ ಅಷ್ಟೂ."

ಅವಳು ಎದ್ದು ಹಿತ್ತಲಿಗೆ ನಡೆದಳು. ನಾನೂ ಹಿಂದೆ ಹೋದೆ. ಟುವ್ವಿ ಅಂಜೂರದ ಗಿಡದಲ್ಲಿತ್ತು. ಕೊಕ್ಕಿನಲ್ಲಿ ಒಂದು ಎಳೆ ಹತ್ತಿ. ಎಲೆಯ ಅಂಚಿಗೆ ಚುಚ್ಚಲು ಹೋಗಿ ಗಾಳಿಗೆ ಚುಚ್ಚುತ್ತಿತ್ತು. ಮತ್ತೆ ತಲೆ ಹಿಂದೆ ತೆಗೆದು, ಎಲೆಯನ್ನು ಕಾಲಿನಿಂದ ತಡವಿ, ಮತ್ತೆ ಚುಚ್ಚಿತು. ಮತ್ತೆ ಗಾಳಿ. ವರ್ಷ ವರ್ಷ ನಾನೇ ಅದರ ಫೋಟೋ ತೆಗೆದಿದ್ದೆ, ಕಣ್ಣಿಗೇ ಫೋಕಸ್ ಮಾಡಿದ್ದೆ. ಆದರೂ ನನಗೆ ಕಂಡಿರಲಿಲ್ಲ. ಹೊಳಪು ಎಂದುಕೊಂಡಿದ್ದೆ. ಆ ವರ್ಷ ಅದರ ಮೊಟ್ಟೆಗಳು ಹೊಲಿಗೆ ನಿಲ್ಲದ ಎಲೆಯಿಂದ ಜಾರಿ ನೆಲಕ್ಕೆ ಬಿದ್ದವು. ಮಂಗಳೆ ಇರುವೆ ಮುತ್ತುವುದಕ್ಕೆ ಮುಂಚೆ ಅವನ್ನು ಗುಡಿಸಿ ತೆಗೆದಳು.

ಊರು ಚುಕ್ಕೆ ಇಡುವುದನ್ನು ನಿಲ್ಲಿಸಿತು. ಚುಕ್ಕೆಯಿಲ್ಲದ ಚಿತ್ರಗಳಿಗೆ ಆ ವರ್ಷ ತೀರ್ಪುಗಾರರು ಬಹುಮಾನ ಕೊಡಲಿಲ್ಲ, ಕಣ್ಣಿನಲ್ಲಿ ಜೀವ ಇಲ್ಲ ಎಂದು ಬರೆದು ಹೋದರು. ಹೋಗಲಿ. ನಮ್ಮ ಜನ ಮರದಿಂದ ಮರಕ್ಕೆ ಗಾಳಿಪಟದ ದಾರ ಕಟ್ಟಿದರು, ಹಕ್ಕಿಗಳು ಅದರ ಮೇಲೆ ಕಾಲು ಸರಿಸುತ್ತ ಹೋಗಲು ಕಲಿತವು. ಗೋಡೆಗಳಿಗೆ ಗೋಣಿಚೀಲ ಹೊದಿಸಿದರು. ಬೆಳಿಗ್ಗೆ ಸಂಜೆ ಪ್ರತಿ ಮನೆಯ ಮುಂದೆ ಒಂದು ಬಟ್ಟಲಿನಲ್ಲಿ ಹುಳು, ನುಚ್ಚು, ಬಾಳೆಹಣ್ಣಿನ ಚೂರು ಇಟ್ಟು ಚಮಚದಿಂದ ಟಣ್ ಟಣ್ ಬಡಿಯುತ್ತಿದ್ದರು. ಕುರುಡು ಹಕ್ಕಿಗಳು ಸದ್ದು ಹಿಡಿದು ಬರುತ್ತಿದ್ದವು. ಕೆಲವು ದಿನ ಕಳೆದ ಮೇಲೆ ಇದೂ ಊರಿನ ಒಂದು ಪದ್ಧತಿಯಾಯಿತು. ಯಾರ ಮನೆಯವರು ಬಟ್ಟಲು ಬಡಿಯಲಿಲ್ಲ ಎಂದು ಅಕ್ಕಪಕ್ಕದವರು ಆಡಿಕೊಳ್ಳುವುದೂ ಶುರುವಾಯಿತು.

ಮಂಗಳೆಗೆ ಇದು ಸಾಲಲಿಲ್ಲ. ನನ್ನಿಂದ ಟುವ್ವಿಯ ಹೊಸ ಫೋಟೋ ತೆಗೆಸಿ, ಕಣ್ಣಿನ ಬಿಳಿಯನ್ನು ಕೆರೆದು ಕೆರೆದು ತೆಗೆದಳು. ಬಿಳಿಯ ಕೆಳಗೆ ಇನ್ನೊಂದು ಬಿಳಿ. ಅವಳದೇ ಕೈ, ವರ್ಷಕ್ಕೊಂದು. ಎಲ್ಲ ತೆಗೆದ ಮೇಲೆ ಕೆಳಗೆ ಕಣ್ಣೇ ಇರಲಿಲ್ಲ, ಬೂದಿಯ ಬಣ್ಣದ ಒಂದು ತೇಪೆ ಇತ್ತು. ಅದಕ್ಕೆ ಕಪ್ಪು ತುಂಬಿದಳು. ಟುವ್ವಿಯ ಕಣ್ಣು ಕಪ್ಪಾಯಿತು, ಆದರೆ ಅದಕ್ಕೆ ಏನೂ ಕಾಣಲಿಲ್ಲ. "ಹೊರಗಿನ ಬಣ್ಣ ಬರೀಬಹುದು ರೀ," ಎಂದಳು. "ಒಳಗೆ ಹೆಂಗಿರುತ್ತೆ ಅಂತ ಯಾರು ನೋಡಿದಾರೆ?"

ಊಟ ಬಿಟ್ಟಳು ಎನ್ನುವಂತಿಲ್ಲ, ತಟ್ಟೆಯ ಮುಂದೆ ಕೂರುತ್ತಿದ್ದಳು. ಒಂದು ದಿನ ಅಟ್ಟ ಹತ್ತಿ ಹಳೆಯ ನೆಗೆಟಿವ್‌ಗಳ ತಗಡಿನ ಡಬ್ಬಿ ಇಳಿಸಿದಳು. ನೀಲಿ ಬೆನ್ನ ಹಿಂದೆ ನಿಂತಿದ್ದಾಗ ನಾನು ತೆಗೆದ ಆ ಮೊದಲ ಚಿತ್ರ ಅದರಲ್ಲಿತ್ತು. ಅವಳು ಅದಕ್ಕೆ ಕೈಯಿಟ್ಟಿರಲಿಲ್ಲ. ನೆರಳಿನಲ್ಲಿ ತೆಗೆದದ್ದು, ಕಣ್ಣು ಬರೀ ಕಪ್ಪು. ಆದರೆ ಅದು ಹಕ್ಕಿಯದೇ ಕಣ್ಣು, ಯಾರೂ ಬರೆದದ್ದಲ್ಲ. ಅದನ್ನು ಕಂಪ್ಯೂಟರಿಗೆ ಏರಿಸಿ, ಆ ಕಣ್ಣನ್ನು ಎತ್ತಿ, ಹೊಸ ಫೋಟೋದಲ್ಲಿ ಕೂರಿಸಿದಳು. ಚುಕ್ಕೆ ಇಡಲಿಲ್ಲ.

ಮರುದಿನ ಬೆಳಿಗ್ಗೆ ಟುವ್ವಿ ಹಾರಿತು. ಕಾಲಿನಿಂದ ತಡವದೆ, ದಾರ ಹಿಡಿಯದೆ, ಬಾಣದಂತೆ ಅಂಜೂರದ ಗಿಡದಿಂದ ಎದ್ದು ಹೋಯಿತು. ಮಂಗಳೆ ನನ್ನ ತೋಳು ಹಿಡಿದುಕೊಂಡಳು. ಅಷ್ಟು ಗಟ್ಟಿಯಾಗಿ ಅವಳು ನನ್ನನ್ನು ಹಿಡಿದು ಎಷ್ಟೋ ವರ್ಷವಾಗಿತ್ತು. ನನಗೆ ಅಳು ಬಂತು, ಮುಚ್ಚಿಡಲಿಲ್ಲ.

ಹಕ್ಕಿ ನುಗ್ಗೆಯ ಕೊಂಬೆಯ ಮೇಲೆ ಕೂರಲು ಹೋಯಿತು. ನುಗ್ಗೆ ಮರ ಗಾಳಿಗೆ ಬಿದ್ದು, ಕಡಿದು ಸೌದೆ ಮಾಡಿ ಯಾವ ಕಾಲವಾಗಿತ್ತೋ. ಟುವ್ವಿ ಗಾಳಿಯ ಮೇಲೆ ಕಾಲಿಟ್ಟು ನೆಲಕ್ಕೆ ಬಿತ್ತು. ಎದ್ದು, ತಲೆ ಕೊಡವಿ, ಮತ್ತೆ ಅದೇ ಕೊಂಬೆಗೆ ಹಾರಿ ಮತ್ತೆ ಬಿತ್ತು. ಆಮೇಲೆ ಬರಿ ನೆಲದಲ್ಲಿ ಎಲೆ ಮಗುಚುವಂತೆ ಕೊಕ್ಕು ತಿರುಗಿಸಿ, ಅಲ್ಲಿಲ್ಲದ ಹುಳುವನ್ನು ಹಿಡಿದು, ನುಂಗಿತು. ಆ ಕಣ್ಣು ಆ ದಿನದ ಕಣ್ಣು. ಆ ದಿನದ ಹಿತ್ತಲು ಬಿಟ್ಟು ಅದಕ್ಕೆ ಬೇರೆ ಏನೂ ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅದು ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಬಂದು ಕೂತಿತು. ಕತ್ತು ಓರೆ ಮಾಡಿ ಮೇಲೆ ನೋಡಿತು. ಮುಗಿಲಿನ ಕಡೆಗಲ್ಲ, ಏಳು ವರ್ಷದ ಮಗು ಕಲ್ಲಿನ ಮೇಲೆ ನಿಂತರೆ ಮುಖ ಎಲ್ಲಿಗೆ ಬರುತ್ತದೋ ಅಷ್ಟು ಎತ್ತರಕ್ಕೆ. ಎರಡು ಸಲ ಟುವ್ವೀ ಎಂದಿತು. ರೆಕ್ಕೆ ಬಡಿದು ಮೇಲೆದ್ದು, ಬರಿ ಗಾಳಿಯಿಂದ ಏನನ್ನೋ ಮೆಲ್ಲಗೆ ಕಚ್ಚಿಕೊಂಡು, ಅಂಜೂರದ ಗಿಡದ ಕಡೆ ಹೋಯಿತು.

ಮಂಗಳೆ ಅಲ್ಲಿಯೇ ಕುಸಿದು ಕೂತಳು. "ಅದಕ್ಕೆ ಕಾಣ್ತಾಳೆ," ಎಂದಳು. "ಹೆತ್ತವಳು ನಾನು. ನನಗೆ ಕಾಣಲ್ಲ, ಅದಕ್ಕೆ ಕಾಣ್ತಾಳೆ."

ಆಮೇಲೆ ಅವಳ ದಿನವೆಲ್ಲ ಹಿತ್ತಲಿನಲ್ಲಿಯೇ. ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತು, ಹಕ್ಕಿ ನೋಡುವ ಕಡೆ ನೋಡುತ್ತಿದ್ದಳು. ಅಕ್ಕಿ ಆರಿಸುವುದು ಅಲ್ಲಿ, ತಲೆ ಬಾಚುವುದು ಅಲ್ಲಿ. ಟುವ್ವಿ ಬಂದಾಗ ಅವಳ ಮುಖ ಅರಳುತ್ತಿತ್ತು, ಹೋದಾಗ ಬಾಡುತ್ತಿತ್ತು. ಒಮ್ಮೆ ಅವಳೇ ಹತ್ತಿ ಹಿಡಿದು ಆ ಜಾಗದಲ್ಲಿ ಕೈ ಚಾಚಿದಳು. ಹಕ್ಕಿ ಅವಳ ಕೈಗೆ ಬಡಿದು, ಏನಿದು ಎಂದು ಗಾಬರಿಯಾಗಿ ಹಾರಿಹೋಯಿತು. ಅದರ ಲೋಕದಲ್ಲಿ ಅವಳಿರಲಿಲ್ಲ. ಆ ದಿನ ಅವಳು ಅಡಿಗೆಮನೆಯಲ್ಲಿದ್ದಳು.

"ಅದರ ಕಣ್ಣಿನ ಫೋಟೋ ತೆಗೀರಿ," ಎಂದಳು ಒಂದು ಬೆಳಿಗ್ಗೆ. "ಅವಳನ್ನ ನೋಡೋವಾಗ. ಕಣ್ಣಿಗೆ ಏನು ಕಾಣುತ್ತೋ ಅದರ ನೆರಳು ಕಣ್ಣಲ್ಲಿ ಬೀಳುತ್ತೆ ಅಲ್ವಾ?"

ನಾನು ಬೇಡ ಎನ್ನಬೇಕಿತ್ತೇನೋ. ಎನ್ನಲಿಲ್ಲ, ನನಗೂ ಬೇಕಾಗಿತ್ತು. ಕಲ್ಲಿನ ಪಕ್ಕ ಅಂಗಾತ ಮಲಗಿ, ಎಳೆಬಿಸಿಲು ಹಕ್ಕಿಯ ಮುಖಕ್ಕೆ ಬೀಳುವವರೆಗೆ ಕಾದೆ. ಜೀವಮಾನದಲ್ಲಿ ಅಷ್ಟು ಹತ್ತಿರದಿಂದ, ಅಷ್ಟು ನಿಶ್ಚಲವಾಗಿ ನಾನು ಯಾವ ಹಕ್ಕಿಯನ್ನೂ ತೆಗೆದಿಲ್ಲ. ನಮ್ಮ ಊರಿನವನು ನಾನು, ಬಾಲವೂ ಬರುವಂತೆ ತೆಗೆದೆ.

ಪರದೆಯ ಮೇಲೆ ಕಣ್ಣನ್ನು ದೊಡ್ಡದು ಮಾಡುತ್ತ ಹೋದೆವು. ಕಪ್ಪಿನ ಮೇಲೆ ಒಂದು ನಿಜವಾದ ಹೊಳಪು. ಇನ್ನೂ ದೊಡ್ಡದು ಮಾಡಿದರೆ ಹೊಳಪಿನೊಳಗೆ ಒಂದು ನಿಂತ ಆಕಾರ. ಕೆಳಗೆ ಅಗಲ, ಮೇಲೆ ಸಣ್ಣ, ಒಂದು ಕಡೆ ಚಾಚಿಕೊಂಡ ಗೆರೆ. "ಲಂಗ," ಎಂದಳು ಮಂಗಳೆ. "ಇದು ಕೈ." ಮುಖ ಇರಬೇಕಾದ ಜಾಗದಲ್ಲಿ ನಾಲ್ಕೈದು ಮಸುಕು ಚೌಕಗಳು, ಅಷ್ಟೇ. ಅವಳು ಪರದೆಗೆ ಹಣೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ನಾನು ಮತ್ತೆ ಮತ್ತೆ ತೆಗೆದೆ. ಮತ್ತೆ ಮತ್ತೆ ಅವೇ ಚೌಕಗಳು. ನನ್ನ ಲೆನ್ಸಿನ ಯೋಗ್ಯತೆ ಅಷ್ಟೇ ಇತ್ತು.

"ಕೈ ಇಡಬೇಡ," ಎಂದೆ. "ಹೊಸ ಫೋಟೋ ಇದು. ಮುಟ್ಟಿದರೆ ಕಣ್ಣಿಗೆ ಹೋಗುತ್ತೆ."

"ನನಗೆ ಗೊತ್ತಿಲ್ವಾ?" ಎಂದಳು. "ಸುಮ್ಮನೆ ನೋಡ್ತೀನಿ."

ಇತ್ತ ಟುವ್ವಿ ಸೊರಗುತ್ತಿತ್ತು. ಆ ದಿನದ ಹುಳುಗಳನ್ನೇ ತಿನ್ನುತ್ತಿತ್ತು, ಹೊಟ್ಟೆಗೆ ಏನು ಬರಬೇಕು? ಬಟ್ಟಲು ಬಡಿದರೆ ಬೀದಿಯ ಕುರುಡು ಹಕ್ಕಿಗಳೆಲ್ಲ ಬಂದು ತಿಂದು ಹೋಗುತ್ತಿದ್ದವು. ನಮ್ಮದಕ್ಕೆ ಕಣ್ಣಿತ್ತು, ಆ ಕಣ್ಣಿಗೆ ಬಟ್ಟಲು ಕಾಣುತ್ತಿರಲಿಲ್ಲ, ಬರಲಿಲ್ಲ. ನಾನು ಹಿಡಿದು ಬಾಯಿಗೆ ಹುಳು ತುರುಕಿದರೆ ಕಾಣದ ಕೈಗೆ ಹೆದರಿ ಉಗುಳಿಬಿಡುತ್ತಿತ್ತು. ಮಂಗಳೆ ಅದರ ಫೋಟೋದಲ್ಲಿ ಎದೆ ತುಂಬಿಸಿ ಬರೆದಳು. ಎದೆ ಉಬ್ಬಿತು, ಕೈಯಲ್ಲಿ ಹಿಡಿದರೆ ಒಣಗಿದ ಹೂವಿನಷ್ಟು ಹಗುರ. ಕಾಣುವುದನ್ನು ಮಾತ್ರ ನಮ್ಮವರು ತಿದ್ದಬಲ್ಲರು, ಹಸಿವು ಯಾವ ಫೋಟೋದಲ್ಲೂ ಬೀಳುವುದಿಲ್ಲ.

ಹನೀಫ್ ಸಾಹೇಬರನ್ನು ಕರೆಸಿದೆ. ಅವರು ಹಿತ್ತಲಿನಲ್ಲಿ ನಿಂತು ಹಕ್ಕಿಯನ್ನು ಬಹಳ ಹೊತ್ತು ನೋಡಿದರು. ಅದು ಆಗ ಕಲ್ಲಿನ ಮೇಲೆ ಕೂತು, ಮೇಲೆ ನೋಡುತ್ತ, ಹಾಡುತ್ತಿತ್ತು. ದನಿ ಸೋತಿತ್ತು, ಸಂತೋಷ ಸೋತಿರಲಿಲ್ಲ.

"ಆ ಕಣ್ಣು ತೆಗೆದುಬಿಡು ತಂಗಿ," ಎಂದರು. "ಕಪ್ಪು ತುಂಬು. ಕುರುಡಾಗಲಿ. ಕುರುಡಾದ್ರೆ ಬಟ್ಟಲಿಗೆ ಬರುತ್ತೆ, ಬದುಕುತ್ತೆ."

"ಆಮೇಲೆ ನೀಲಿ?" ಎಂದಳು ಮಂಗಳೆ.

ಸಾಹೇಬರು ನನ್ನ ಕಡೆ ನೋಡಿದರು. ಕಪ್ಪು ತುಂಬಿದರೆ ನೀಲಿ ಹೋಗುತ್ತಾಳೆ. ತುಂಬದಿದ್ದರೆ ಹಕ್ಕಿ ಸಾಯುತ್ತದೆ, ಸತ್ತರೆ ಚಿತ್ರಗಳು ಖಾಲಿಯಾಗುತ್ತವೆ, ಆಗಲೂ ನೀಲಿ ಹೋಗುತ್ತಾಳೆ. ಅವಳ ಬೆರಳು ಮುಟ್ಟಿದ ಒಂದು ಜೀವವಾದರೂ ಉಳಿಯಲಿ ಎಂದು ನಾನು ಹೇಳಿದೆ. ಹೇಳುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮಗಳನ್ನು ಎರಡನೇ ಸಲ ಕಳಿಸಿಕೊಡು ಎಂದು ಹೆತ್ತವಳಿಗೆ ಹೇಳುವ ಬಾಯಿ ಅದು.

ಮಂಗಳೆ ಸಾಹೇಬರಿಗೆ ಟೀ ಮಾಡಿ ಕೊಟ್ಟಳು. ಅವರು ಕುಡಿದು ಹೋದರು. ಆಮೇಲೆ ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು, "ಮಾಡ್ತೀನಿ," ಎಂದಳು. "ನೀವು ಹಿತ್ತಲಲ್ಲಿರಿ. ಕಣ್ಣು ಹೋದ ತಕ್ಷಣ ಗಾಬರಿಯಾಗುತ್ತೆ, ಬಟ್ಟಲು ಬಡೀರಿ."

ಬಟ್ಟಲಿಗೆ ಹುಳು ಹಾಕಿಕೊಂಡು, ಚಮಚ ಹಿಡಿದು ನಾನು ಕಲ್ಲಿನ ಪಕ್ಕ ಕೂತೆ. ಬಿಸಿಲು ಇಳಿದಿತ್ತು. ಟುವ್ವಿ ಕಲ್ಲಿನ ಅಂಚಿನಲ್ಲಿತ್ತು, ಕತ್ತು ಓರೆ ಮಾಡಿ ಮೇಲೆ ನೋಡುತ್ತಿತ್ತು. ನಾನೂ ಅಲ್ಲಿ ನೋಡಿದೆ. ಹಿಂದಿನ ಮನೆಯ ಗೋಡೆ, ಅದರ ಮೇಲೆ ಹೊದಿಸಿದ ಗೋಣಿಚೀಲ. ನೀಲಿ, ಅಮ್ಮ ಈಗ ಬೆಳಕು ಆರಿಸ್ತಾಳೆ, ಹೆದರಬೇಡ ಎಂದು ಮನಸ್ಸಿನಲ್ಲಿಯೇ ಹೇಳಿದೆ. ಹಕ್ಕಿಗೆ ಹೇಳಿದೆನೋ ಮಗಳಿಗೆ ಹೇಳಿದೆನೋ.

ಕಣ್ಣು ಕಪ್ಪಾಗುವುದನ್ನೇ ಕಾಯುತ್ತಿದ್ದೆ. ಆಗಲಿಲ್ಲ. ಕಣ್ಣಿನ ಹೊಳಪು ಸ್ವಲ್ಪ ಚೂಪಾಯಿತು. ಸಂಜೆಯ ಬೆಳಕಿರಬೇಕು ಎಂದುಕೊಂಡೆ. ಇನ್ನೂ ಚೂಪಾಯಿತು. ಟುವ್ವಿ ಕತ್ತು ಕೊಡವಿತು, ರೆಪ್ಪೆ ಮುಚ್ಚಿ ತೆರೆಯಿತು. ಹೊಳಪು ಅಗಲವಾಗುತ್ತಿತ್ತು, ಬೆಳ್ಳಗಾಗುತ್ತಿತ್ತು, ಕಪ್ಪಿನ ಅಂಚನ್ನು ದಾಟಿ ಹರಡುತ್ತಿತ್ತು. ಹಕ್ಕಿ ಕಲ್ಲಿನ ಮೇಲೆ ಸುತ್ತ ತಿರುಗಿತು, ಒಮ್ಮೆ, ಇನ್ನೊಮ್ಮೆ, ಕಳೆದುಹೋದದ್ದನ್ನು ಹುಡುಕುವ ಹಾಗೆ. ನಾನು ಬಟ್ಟಲು ಬಡಿಯುವುದನ್ನೂ ಮರೆತು ಒಳಗೆ ಓಡಿದೆ.

ಮಂಗಳೆ ಪರದೆಯ ಮುಂದೆ ಕೂತಿದ್ದಳು. ಮೌಸಿನ ಮೇಲೆ ಅವಳ ಬೆರಳುಗಳು ಒಂದೇ ಸಮನೆ, ಅಷ್ಟೇ ಹದವಾಗಿ ಆಡುತ್ತಿದ್ದವು. ಪರದೆಯ ತುಂಬ ಬಿಳಿ. ಆಕಾರವಿಲ್ಲ, ಲಂಗವಿಲ್ಲ, ಕೈಯಿಲ್ಲ, ಸುಣ್ಣ ಬಳಿದ ಗೋಡೆ.

"ಮಂಗಳಾ," ಎಂದೆ.

"ಇನ್ನೊಂಚೂರು ರೀ," ಎಂದಳು, ನನ್ನ ಕಡೆ ತಿರುಗದೆ. "ಮೂಗು ಬಂತು. ನಿಮ್ಮದೇ ಮೂಗು. ಕಣ್ಣು ಬರ್ತಾ ಇದೆ, ಬನ್ನಿ, ನೋಡಿ."

ನಾನು ಹೋಗಿ ಅವಳ ಪಕ್ಕ ಕೂತೆ. ಅವಳ ಮುಖ ನೋಡಿದೆ. ಎಷ್ಟೋ ವರ್ಷಗಳ ಮೇಲೆ ಅದರಲ್ಲಿ ನಗು ಇತ್ತು. ಬಿಳಿ ಪರದೆಯ ಕಡೆ ತಿರುಗಿ, "ಹೌದು ಕಣೆ," ಎಂದೆ. "ನನ್ನದೇ ಮೂಗು." ಹೇಳಿ ಮುಗಿಯುವಷ್ಟರಲ್ಲಿ ಬಿಳಿ ಹೋಯಿತು. ಒಗೆಯುವ ಕಲ್ಲು ಮಾತ್ರ ಪರದೆಯ ಮೇಲೆ ಉಳಿಯಿತು, ಒಂದೊಂದು ಕಣವೂ ಕಾಣುವಷ್ಟು ಸ್ಪಷ್ಟವಾಗಿ.